ಆಗದ ಜಗಳಕ್ಕೆ ರಶೀದಿ: ಗಡಿಯೂರೊಂದರ ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರದ ತುದಿಯ ಒಂದು ಊರಿನಲ್ಲಿ 2019ರಿಂದ 2022ರವರೆಗೆ ನಡೆದದ್ದು ಇದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗದ ಹಾಗೆ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಕಥೆಯಲ್ಲಿ ಎರಡು ಕ್ಲಬ್‌ಗಳಿವೆ. ಒಂದನ್ನು ಗುಡ್ಡೆಯವರು, ಇನ್ನೊಂದನ್ನು ಬೈಲಿನವರು ಅಂತ ಕರೆಯುತ್ತೇನೆ. ಯಾವ ಕ್ಲಬ್ ಯಾವ ಸಮುದಾಯದ ಹುಡುಗರದ್ದು ಅಂತ ಬೇಕೆಂದೇ ಬರೆದಿಲ್ಲ. ಬರೆದರೆ ಓದುವವರು ಎರಡನೇ ಪ್ಯಾರಾಕ್ಕೇ ಒಂದು ಪಕ್ಷ ಹಿಡಿದುಬಿಡುತ್ತಾರೆ. ಆಮೇಲೆ ನನ್ನ ಲೆಕ್ಕ ಯಾರಿಗೂ ಬೇಡ.

ನಾನು ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸದವನು, ಮನೆ ಮಾತ್ರ ಊರಲ್ಲೇ. ಈ ಪ್ರಕರಣದಲ್ಲಿ ವಿದೇಶಿ ಹಣಕ್ಕೆ ಅರ್ಜಿ ಬರೆದುಕೊಟ್ಟವನು ನಾನೇ. ಆದ ತಪ್ಪುಗಳಲ್ಲಿ ದೊಡ್ಡದೂ ನನ್ನದೇ. ಹಾಗಾಗಿ ಇದನ್ನು ದೂರದಿಂದ ನೋಡಿದವನ ವರದಿ ಅಂತ ಓದಬೇಡಿ.

ಎರಡು ಕಂಬಗಳು

ನಮ್ಮ ಕಡೆ ಒಂದೊಂದು ಮನೆಯಲ್ಲಿ ಮೂರು ಭಾಷೆ. ಅಡುಗೆಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಸರ್ಕಾರಿ ಆಫೀಸಿಗೆ ಹೋದರೆ ಮಲಯಾಳ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದಕ್ಕೆ ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರಲ್ಲಿ. ಇಷ್ಟಾದರೂ ಜ್ವರ ಜಾಸ್ತಿಯಾದರೆ, ಮಗಳಿಗೆ ಕಾಲೇಜು ಬೇಕಾದರೆ, ಮದುವೆಗೆ ಬಟ್ಟೆ ತೆಗೆಯಬೇಕಾದರೆ ನಾವು ಬಸ್ಸು ಹತ್ತುವುದು ಮಂಗಳೂರಿಗೇ. ತಲಪಾಡಿಯ ಗಡಿ ದಾಟಿದರೆ ಆಯಿತು. ಈ ಮಾತು ಮುಂದೆ ಬೇಕಾಗುತ್ತದೆ.

ಊರಿನ ಜಂಕ್ಷನ್‌ನಲ್ಲಿ ನಾಲ್ಕು ರಸ್ತೆ ಸೇರುತ್ತವೆ. ಒಂದು ಬಸ್ ತಂಗುದಾಣ, ಎರಡು ಹೋಟೆಲು, ಒಂದು ಬೀಡಿ ಬ್ರಾಂಚು, ಒಂದು ಮೊಬೈಲ್ ಅಂಗಡಿ. ತಂಗುದಾಣದ ಎದುರು ಎರಡು ಕರೆಂಟು ಕಂಬ. ನಾಲ್ಕೂ ರಸ್ತೆಯಿಂದ ಬರುವವರಿಗೆ ಕಾಣುವ ಜಾಗ ಅದೊಂದೇ. ಫ್ಲೆಕ್ಸ್ ಕಟ್ಟುವುದಿದ್ದರೆ ಎಲ್ಲರಿಗೂ ಅಲ್ಲೇ ಬೇಕು.

2019ರ ಫೆಬ್ರವರಿಯಲ್ಲಿ ಗುಡ್ಡೆಯವರು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇಟ್ಟುಕೊಂಡಿದ್ದರು. ಅದೇ ವಾರ ಬೈಲಿನವರ ವಾರ್ಷಿಕೋತ್ಸವ. ಮೊದಲು ಕಟ್ಟಿದ್ದು ಗುಡ್ಡೆಯವರ ಬೋರ್ಡು. ಒಂದು ಬೆಳಗ್ಗೆ ನೋಡುವಾಗ ಅದು ನಡುವೆ ಹರಿದು ನೇತಾಡುತ್ತಿತ್ತು. ಚಾ ಕುಡಿದು ಮುಗಿಯುವ ಮೊದಲೇ ವಾಟ್ಸಾಪಿನಲ್ಲಿ ಯಾರು ಹರಿದದ್ದು ಅಂತ ತೀರ್ಮಾನ ಆಗಿತ್ತು. ಸಂಜೆಯೊಳಗೆ ಎರಡು ಅಂಗಡಿಯ ಗಾಜು ಹೋಯಿತು, ಒಬ್ಬ ಹುಡುಗನ ಮಣಿಕಟ್ಟು ಮುರಿಯಿತು. ಎರಡೂ ಕಡೆಯ 11 ಜನರ ಮೇಲೆ ಕೇಸಾಯಿತು. ಮೂರು ದಿನ ಪೇಟೆ ಬಂದ್. ಬೋರ್ಡು ಹರಿದದ್ದು ಬೈಹುಲ್ಲು ತುಂಬಿಕೊಂಡು ಬಂದ ಲಾರಿ ತಾಗಿ ಅಂತ ಗೊತ್ತಾದದ್ದು ಎಷ್ಟೋ ವಾರಗಳ ನಂತರ. ಆಗ ಅದು ಯಾರಿಗೂ ಬೇಕಾಗಿರಲಿಲ್ಲ.

ಠಾಣೆಯಲ್ಲಿ ಶಾಂತಿ ಸಭೆ ನಡೆಯಿತು. ಎಲ್ಲ ಪಕ್ಷದವರೂ ಬಂದು ಸಹಿ ಹಾಕಿದರು, ಫೋಟೋ ತೆಗೆಸಿದರು, ಹೋದರು. ಅಂಥ ಸಭೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕೂತವರಲ್ಲಿ ಒಬ್ಬರಿಗೂ ರಾತ್ರಿ ಹತ್ತು ಗಂಟೆಗೆ ಹುಡುಗರು ಫೋನ್ ಮಾಡುವುದಿಲ್ಲ.

ಹುಡುಗರು ಫೋನ್ ಮಾಡುತ್ತಿದ್ದದ್ದು ಮೂವರಿಗೆ. ಒಬ್ಬರು ನಿವೃತ್ತ ಕನ್ನಡ ಮಾಸ್ಟ್ರು. ಊರಿನ ಅರ್ಧ ಗಂಡಸರ ಕಿವಿ ಹಿಂಡಿದವರು. ಇನ್ನೊಬ್ಬರು ಹಾಜಿಯವರು, ದುಬೈಯಲ್ಲಿ ದುಡಿದು ಬಂದು ಬಟ್ಟೆ ಅಂಗಡಿ ಇಟ್ಟವರು. ಮೂರನೆಯವರು ಅಂಗನವಾಡಿ ಟೀಚರ್. ಕುಟುಂಬಶ್ರೀ ಅನ್ನುವ ಮಹಿಳಾ ಸಂಘಗಳ ಕಾರಣ ಅವರಿಗೆ ಎಲ್ಲ ಮನೆಯ ತಾಯಂದಿರ ನಂಬರು ಗೊತ್ತು. ಇವರ ಪದ್ಧತಿ ಬಹಳ ಸರಳ. ಏನಾದರೂ ಸುದ್ದಿ ಬಂದರೆ ಮೂವರೂ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಒಂದು ಆಟೋ ಹಿಡಿದು ಜಾಗಕ್ಕೆ ಹೋಗುತ್ತಾರೆ. ಅಲ್ಲಿ ನೋಡಿದ್ದನ್ನು ಎರಡೂ ಕಡೆಗೆ ಒಂದೇ ಮಾತಿನಲ್ಲಿ ಹೇಳುತ್ತಾರೆ. ಸುದ್ದಿ ಬಂದು ನಲವತ್ತು, ಐವತ್ತು ನಿಮಿಷದೊಳಗೆ ಇದಾಗಬೇಕು. ಆಮೇಲೆ ಹೋದರೆ ಸುಮ್ನೆ ಹೋದ ಹಾಗೆ.

ಇದಕ್ಕೆ ತಿಂಗಳಿಗೆ ಸಾವಿರದೈನೂರು ರೂಪಾಯಿ ಖರ್ಚಾಗುತ್ತಿತ್ತು. ಆಟೋ ಬಾಡಿಗೆ, ಚಾ, ಫೋನು. ಆಟೋದವನು ಅರ್ಧ ಬಾಡಿಗೆಯನ್ನು ತಗೊಳ್ಳುತ್ತಲೇ ಇರಲಿಲ್ಲ. ಎಲ್ಲ ಅವರವರ ಕೈಯಿಂದಲೇ.

ಫಾರಂನ ಕಾಲಂಗಳು

ಆ ವರ್ಷದ ಮಳೆಗಾಲದಲ್ಲಿ ಮಂಗಳೂರಿನ ಒಂದು ಸಂಸ್ಥೆಯವರು ನನಗೆ ಸಿಕ್ಕಿದರು. ಸಂಘರ್ಷ ತಡೆಗೆ ಒಂದು ವಿದೇಶಿ ಪ್ರತಿಷ್ಠಾನದ ಹಣ ಬರುವುದಿದೆ, ನಿಮ್ಮ ಊರನ್ನು ಸೇರಿಸೋಣ ಅಂದರು. ನಮ್ಮ ಪಾಲಿಗೆ 18 ತಿಂಗಳಿಗೆ 14 ಲಕ್ಷ ರೂಪಾಯಿ. ತಿಂಗಳಿಗೆ ಸಾವಿರದೈನೂರು ಹೊಂದಿಸುತ್ತಿದ್ದವರಿಗೆ 14 ಲಕ್ಷ! ನಾನು ಅದೇ ರಾತ್ರಿ ಮಾಸ್ಟ್ರ ಮನೆಗೆ ಓಡಿದೆ.

ಇಲ್ಲಿ ಈ ಹಣದ ಬಗ್ಗೆ ಸ್ವಲ್ಪ ಹೇಳಬೇಕು. ಜಗತ್ತಿನಲ್ಲಿ ಶಾಂತಿಗೆ ಅಂತಲೇ ಎತ್ತಿಟ್ಟ ನಿಧಿಗಳಿವೆ. ವಿಶ್ವಸಂಸ್ಥೆಯ ಶಾಂತಿ ನಿರ್ಮಾಣ ನಿಧಿ ಶುರುವಾದದ್ದು 2006ರಲ್ಲಿ. ಅದರಲ್ಲಿ ಭಾರತ ಕೊಡುವವರ ಸಾಲಿನಲ್ಲಿದೆ; 2021ರ ಜನವರಿಯಲ್ಲಿ ಒಂದೂವರೆ ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಯುರೋಪಿಯನ್ ಒಕ್ಕೂಟಕ್ಕೆ ಬೇರೆಯದೇ ವ್ಯವಸ್ಥೆ ಇದೆ. 2014ರಿಂದ 2020ರ ಅವಧಿಗೆ ಅವರು ಸ್ಥಿರತೆ ಮತ್ತು ಶಾಂತಿಯ ಹೆಸರಲ್ಲಿ ಸುಮಾರು 234 ಕೋಟಿ ಯೂರೋ ಇಟ್ಟಿದ್ದರು. ಅದನ್ನು ಹೇಗೆ ಹಂಚಬೇಕು ಅಂತ 2014ರ ನಿಯಮದಲ್ಲೇ ಬರೆದಿತ್ತು. ದೊಡ್ಡ ಪಾಲು ಬಿಕ್ಕಟ್ಟು ಬಂದಾಗ ಅಥವಾ ಬರುವ ಹೊತ್ತಿಗೆ ತಕ್ಷಣ ಖರ್ಚು ಮಾಡಲು. ಇನ್ನೊಂದು ಪಾಲು ಗಡಿ ದಾಟುವ ಅಪಾಯಗಳಿಗೆ. ಸಂಘರ್ಷ ತಡೆ, ಶಾಂತಿ ನಿರ್ಮಾಣ, ಮುಂಚಿನ ತಯಾರಿ, ಈ ಮೂರಕ್ಕೂ ಸೇರಿ ನೂರಕ್ಕೆ 9 ಪಾಲು. ತುರ್ತು ಕಾರ್ಯಕ್ರಮ ಅಂದರೆ 18 ತಿಂಗಳು ಅಂತ ಲೆಕ್ಕ, ಮೇಲೆ ಬೇಕಿದ್ದರೆ ವಿಸ್ತರಣೆ.

ನಮಗೆ ಬರಬೇಕಿದ್ದ ಹಣ ಈ ಎರಡರದ್ದೂ ಅಲ್ಲ. ಆದರೆ ಫಾರಂನ ಭಾಷೆ ಅದೇ ಮನೆತನದ್ದು. 18 ತಿಂಗಳು, ಬಿಕ್ಕಟ್ಟು, ಮೂಲ ಕಾರಣ, ಫಲಾನುಭವಿಗಳು. ಉರಿಯುವ ದೇಶಗಳಿಗೆ ಹೊಲಿದ ಅಂಗಿ ಅದು. ನಮ್ಮ ಎರಡು ಕಂಬದ ಜಗಳಕ್ಕೆ ತೊಡಿಸಿ ನೋಡಿದರೆ ಎಲ್ಲ ಕಡೆ ದೊಗಳೆ.

ಮೊದಲ ತೊಂದರೆ ಖರ್ಚಿನ ತಲೆಬರಹಗಳದ್ದು. ಮೂವರು ಕೇಳಿದ್ದು ಆಟೋ, ಫೋನು, ಮತ್ತು ಒಂದು ದಿನದ ಕೆಲಸ ಬಿಟ್ಟು ಬರುವವರಿಗೆ ಕೂಲಿ. ಫಾರಂನಲ್ಲಿ ಇದ್ದದ್ದು ತರಬೇತಿ, ಕಾರ್ಯಾಗಾರ, ಬ್ಯಾನರ್, ಟೀ ಶರ್ಟ್, ವರದಿಯ ಅನುವಾದ. ಹೋಟೆಲ್ ಹಾಲ್ ಬಾಡಿಗೆಗೆ ಕಾಲಂ ಇತ್ತು, ಕೂಲಿಗೆ ಇರಲಿಲ್ಲ. ನಾನು ಲೆಕ್ಕದವನಲ್ವಾ, ಕೂಲಿಯನ್ನು 'ಸಂಪನ್ಮೂಲ ವ್ಯಕ್ತಿಯ ಗೌರವಧನ'ದೊಳಗೆ ತೂರಿಸಬಹುದು ಅಂದೆ. ಟೀಚರ್ ಒಪ್ಪಲಿಲ್ಲ. "ಒಂದು ಸುಳ್ಳು ಬರೆದ್ರೆ ಅದನ್ನು ಹದಿನೆಂಟು ತಿಂಗಳು ನೆನಪಿಟ್ಟುಕೊಳ್ಳುವವರು ಯಾರು?" ಅಂತ ಕೇಳಿದರು.

ಎರಡನೆಯದು ಮೂಲ ಕಾರಣ. ಸಂಸ್ಥೆಯ ಅಧಿಕಾರಿ ಅಲ್ಲಿ ಗಡಿ ವಿವಾದ ಮತ್ತು ಭಾಷಾ ಸಂಘರ್ಷ ಅಂತ ಬರೆದರು. 1956, ಭಾಷಾವಾರು ಪ್ರಾಂತ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ 1967ರ ಮಹಾಜನ ವರದಿ, ಎಲ್ಲ ಬಂತು. ಓದಲು ಚಂದವಾಗಿಯೇ ಇತ್ತು. ಆದರೆ ನಮ್ಮ ಎರಡೂ ಕ್ಲಬ್‌ನವರು ಬೈದಾಡುವುದು ಒಂದೇ ತುಳುವಿನಲ್ಲಿ. ಮಾಸ್ಟ್ರು ಜೀವಮಾನವಿಡೀ ಕನ್ನಡಕ್ಕಾಗಿ ಓಡಾಡಿದವರು, ಆ ವಿವಾದದ ನೋವು ಅವರಿಗೆ ಗೊತ್ತು. ಅವರೇ ಹೇಳಿದರು, "ಅದು ಬೇರೆ ಮಾರಾಯ, ಇದು ಬೇರೆ. ಇಲ್ಲದ ಜಗಳವನ್ನು ಇದರ ಜೊತೆ ಕಟ್ಟಬೇಡ." ನಾನು ಆ ಮಾತನ್ನು ಅಧಿಕಾರಿಗೆ ಮುಟ್ಟಿಸಿದೆ. ಅವರು ಎರಡು ಸಾಲು ತೆಗೆದರು, ಉಳಿದದ್ದು ಹಾಗೇ ಹೋಯಿತು. ಅಲ್ಲೇ ನಾನು ಹಟ ಹಿಡಿಯಬೇಕಿತ್ತು. 14 ಲಕ್ಷ ಕಣ್ಣ ಮುಂದಿತ್ತು.

ಮೂರನೆಯದು ಸಾಕ್ಷಿ. ಹಿಂದಿನ ಒಂದು ವರ್ಷದಲ್ಲಿ ತಡೆದ ಘಟನೆಗಳೆಷ್ಟು, ದಾಖಲೆ ಲಗತ್ತಿಸಿ ಅಂತಿತ್ತು. ಹಾಜಿಯವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆದ ಜಗಳಕ್ಕೆ ಪೊಲೀಸರ ಕಾಗದ ಉಂಟು. ಆಗದ ಜಗಳಕ್ಕೆ ರಶೀದಿ ಎಲ್ಲಿಂದ ತರುವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಚ್ಚಿನ ನಿಧಿಗಳಿಗೂ ಇದು ಬಗೆಹರಿಯದ ಪ್ರಶ್ನೆಯೇ. ತಡೆಯುವ ಕೆಲಸಕ್ಕೆ ಬರೀ 9 ಪಾಲು ಇಟ್ಟದ್ದರ ಗುಟ್ಟು ಅರ್ಧ ಇದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಬೆಂಕಿ ಆರಿಸಿದವನ ಫೋಟೋ ಬರುತ್ತದೆ, ಕಡ್ಡಿಪೆಟ್ಟಿಗೆ ಎತ್ತಿಟ್ಟವನದ್ದು ಬರುವುದಿಲ್ಲ.

ಪಟ್ಟಿ

2019ರ ಕೊನೆಗೆ ಸಂಸ್ಥೆಯಿಂದ ಇನ್ನೊಂದು ಹಾಳೆ ಬಂತು. 'ಅಪಾಯದ ಅಂಚಿನಲ್ಲಿರುವ ಯುವಕರು.' ಹೆಸರು, ಮನೆ ಹೆಸರು, ವಯಸ್ಸು, ಫೋನ್ ನಂಬರ್, ಅಪಾಯದ ಮಟ್ಟ. ಕಡಿಮೆ, ಮಧ್ಯಮ, ಜಾಸ್ತಿ. ಯೋಜನೆ ಮುಗಿದಾಗ ಎಷ್ಟು ಜನ ಮೇಲಿನ ಮಟ್ಟದಿಂದ ಕೆಳಗಿಳಿದರು ಅಂತ ತೋರಿಸಲಿಕ್ಕೆ ಅದು ಬೇಕಂತೆ.

ನಾನು ಒಂದು ಭಾನುವಾರ ಕೂತು ಪಟ್ಟಿ ಮಾಡಿದೆ. ಕೇಸಿನಲ್ಲಿದ್ದ 11 ಹೆಸರು, ಅವರ ಗೆಳೆಯರು, ಪಂದ್ಯಾಟದಲ್ಲಿ ಬೊಬ್ಬೆ ಹೊಡೆಯುವವರು. ಒಟ್ಟು 43 ಆಯಿತು. ಮೂವರಲ್ಲಿ ಒಬ್ಬರಿಗೂ ತೋರಿಸಲಿಲ್ಲ. ಬಿಡುವಿರಲಿಲ್ಲ ಅಂತ ಆಮೇಲೆ ಹೇಳಿಕೊಂಡೆ. ನಿಜ ಏನೆಂದರೆ, ತೋರಿಸಿದರೆ ಮಾಸ್ಟ್ರು ಹರಿದು ಹಾಕುತ್ತಾರೆ ಅಂತ ಗೊತ್ತಿತ್ತು.

ಪ್ರಿಂಟ್ ತೆಗೆಯಲು ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದೆ. ಎರಡು ದಿನದಲ್ಲಿ ಪಟ್ಟಿಯ ಫೋಟೋ ಊರಿನ ಎಲ್ಲ ಗ್ರೂಪಿನಲ್ಲಿತ್ತು.

2020ರ ಜನವರಿಯ ಒಂದು ಸಂಜೆ ನಮ್ಮ ಅಂಗಳದಲ್ಲಿ ಮೂವತ್ತು ಜನ ನಿಂತಿದ್ದರು. ಗುಡ್ಡೆಯವರೂ ಇದ್ದರು, ಬೈಲಿನವರೂ ಇದ್ದರು. ಎರಡು ಕ್ಲಬ್‌ನವರು ಜಗಳವಿಲ್ಲದೆ ಒಂದು ಕಡೆ ಸೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೇರಿದ್ದು ನನ್ನನ್ನು ಬೈಯಲು.

ಅವರು ಹೊಡೆಯಲು ಬಂದವರಲ್ಲ, ಹೆದರಿ ಬಂದವರು. ಗುಡ್ಡೆಯ ಒಬ್ಬ ಹುಡುಗ ಗಲ್ಫಿನ ಕೆಲಸಕ್ಕೆ ಕಾಯುತ್ತಿದ್ದ. ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಿತ್ತು. "ಅಣ್ಣ, ಈ ಹಾಳೆ ಎಲ್ಲಿಗೆ ಹೋಗ್ತದೆ? ಠಾಣೆಗಾ? ಎಂಬೆಸಿಗಾ?" ಅಂತ ಕೇಳಿದ. ಅವನ ಹೆಸರಿನ ಎದುರು ನಾನು 'ಜಾಸ್ತಿ' ಅಂತ ಬರೆದಿದ್ದೆ. ಕೇಸಿನಲ್ಲಿ ಅವನ ಹೆಸರೇ ಇರಲಿಲ್ಲ. ಅವನ ಗಂಟಲು ದೊಡ್ಡದು, ಅಷ್ಟೇ ಕಾರಣ.

ಅವತ್ತೇ ಫೈಲ್ ಅಳಿಸಿದೆ. ಸಂಸ್ಥೆಗೆ ಕಳಿಸಿದ್ದನ್ನು ಅಳಿಸಿ ಅಂತ ಮೈಲ್ ಹಾಕಿ ಅವರ ಉತ್ತರವನ್ನು ಹುಡುಗರಿಗೆ ತೋರಿಸಿದೆ. ಮಾಸ್ಟ್ರು ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಆಮೇಲೆ ಕರೆದು ಎರಡು ಮಾತು ಹೇಳಿದರು. ಇನ್ನು ಈ ಮೂವರು ನಡೆಸುವ ನಮ್ಮ ಸಮಿತಿಯ ಕಾಗದದಲ್ಲಿ ಯಾರ ಹೆಸರು ಬಂದರೂ ಅವರಿಗೆ ಮೊದಲು ಓದಿ ಹೇಳಬೇಕು. ಓದಿ ಹೇಳಲು ನಾಚಿಕೆ ಆಗುವ ಮಾತಿದ್ದರೆ ಬರೆಯಲೇ ಬಾರದು. ಈ ಪ್ರಕರಣದಿಂದ ಬೇರೆ ಊರಿನವರು ಒಂದೇ ಒಂದನ್ನು ತಗೊಳ್ಳುವುದಿದ್ದರೆ ಇದನ್ನು ತಗೊಳ್ಳಿ. ಹಣ ಕೊಡುವವರು ದೂರದಲ್ಲಿರುತ್ತಾರೆ, ಅವರ ಫಾರಂಗೆ ಎಲ್ಲ ಊರೂ ಒಂದೇ. ಆ ಕಾಲಂ ತುಂಬುವ ಕೈ ಮಾತ್ರ ಊರಿನದ್ದೇ.

ಸಂಸ್ಥೆ ಹೆಸರುಗಳ ಬದಲು ಬರೀ ಸಂಖ್ಯೆ ಹಾಕಿ ಅರ್ಜಿ ಮುಂದೆ ಕಳಿಸಿತು. ಹಾಗೆ ಮೊದಲೇ ಮಾಡಬಹುದಿತ್ತು, ನಾನು ಕೇಳಿರಲಿಲ್ಲ.

ಮಣ್ಣು ಸುರಿದ ರಸ್ತೆ

2020ರ ಮಾರ್ಚ್ ಮಧ್ಯದಲ್ಲಿ ಮಂಜೂರಾತಿ ಬಂತು. ಹತ್ತು ದಿನದಲ್ಲಿ ದೇಶ ಬಂದ್ ಆಯಿತು. ಗಲ್ಫಿನಿಂದ ಬಂದವರಲ್ಲಿ ಕೋವಿಡ್ ಕಾಣಿಸಿಕೊಂಡು ಕಾಸರಗೋಡಿನ ಹೆಸರು ದಿನಾ ಟಿವಿಯಲ್ಲಿ. ಮಾರ್ಚ್ ಕೊನೆಯ ವಾರ ಕರ್ನಾಟಕ ಗಡಿ ಮುಚ್ಚಿತು. ಹೆದ್ದಾರಿಯಲ್ಲಿ ತಲಪಾಡಿ ಬಂದ್, ಒಳರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿಗೆ ಹೊರಟ ಆಂಬುಲೆನ್ಸ್‌ಗಳು ತಿರುಗಿ ಬಂದವು. ಚಿಕಿತ್ಸೆ ಸಿಗದೆ ಜಿಲ್ಲೆಯಲ್ಲಿ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ, ಆಮೇಲೆ ಸುಪ್ರೀಂ ಕೋರ್ಟ್. ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಪರೀಕ್ಷಿಸಿ ಬಿಡುವ ಒಪ್ಪಂದ ಆಯಿತು. ನಮ್ಮ ಭಾಷೆಯ ರಾಜ್ಯ ಅಂತ ನಾವು ಹಾಡಿ ಹೊಗಳುವ ಕಡೆಯಿಂದಲೇ ಮಣ್ಣು ಬಿದ್ದದ್ದು ನಮ್ಮಲ್ಲಿ ಬಹಳ ಜನರಿಗೆ ಇನ್ನೂ ಮರೆತಿಲ್ಲ. ಮಾಸ್ಟ್ರು ಆ ದಿನಗಳಲ್ಲಿ ರೇಡಿಯೋ ಹಾಕುತ್ತಲೇ ಇರಲಿಲ್ಲ.

ನಾನು ಮನೆಯಲ್ಲೇ ಸಿಕ್ಕಿಬಿದ್ದಿದ್ದೆ. ಒಂದು ರಾತ್ರಿ ಬೈಲಿನವರ ಕಡೆಯ ಮೊಬೈಲ್ ಅಂಗಡಿಯ ಹುಡುಗ ಫೋನ್ ಮಾಡಿದ. ನನ್ನ ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಬೈದವನು. "ಅಣ್ಣ, ನಿಮಗೆ ಪಟ್ಟಿ ಮಾಡ್ಲಿಕ್ಕೆ ಬರ್ತದಲ್ಲ? ಮದ್ದಿನದ್ದೊಂದು ಮಾಡಿ ಕೊಡಿ."

ಮತ್ತೆ ಅದೇ ಹಾಳೆ. ಹೆಸರು, ಮನೆ ಹೆಸರು, ಫೋನ್ ನಂಬರ್. ಅಪಾಯದ ಮಟ್ಟ ಇದ್ದ ಕಾಲಂನಲ್ಲಿ ಈ ಸಲ ಎಷ್ಟು ದಿನದ ಮದ್ದು ಉಳಿದಿದೆ ಅಂತ ಬರೆದೆವು. ಡಯಾಲಿಸಿಸ್, ಕ್ಯಾನ್ಸರ್, ಹೃದಯದ ಮಾತ್ರೆ, ಫಿಟ್ಸ್‌ನ ಮಾತ್ರೆ. ಪ್ರತಿ ಮನೆಗೆ ಟೀಚರ್ ಫೋನ್ ಮಾಡಿ, ಬರೆದದ್ದನ್ನು ಓದಿ ಹೇಳಿದ ಮೇಲೆಯೇ ಹೆಸರು ಸೇರಿತು. ಪಂಚಾಯತ್ ಎರಡೂ ಕ್ಲಬ್‌ನ ಕೆಲವರಿಗೆ ಸ್ವಯಂಸೇವಕರ ಪಾಸ್ ಕೊಟ್ಟಿತು. ಸಿಗುವ ಮದ್ದು ಕಾಸರಗೋಡಿನಿಂದ, ಸಿಗದ್ದು ಗಡಿಯ ಆಚೆಯಿಂದ. ಆಚೆ ಬದಿಯ ಪರಿಚಯದವರು ಚೆಕ್‌ಪೋಸ್ಟಿನವರೆಗೆ ತಂದು ಪೊಲೀಸರ ಕೈಗೆ ಕೊಡುತ್ತಿದ್ದರು. ಈಚೆ ನಮ್ಮ ಹುಡುಗರು. ಒಂದು ಬೈಕಿನಲ್ಲಿ ಒಬ್ಬನೇ ಹೋಗಬೇಕೆಂದು ನಿಯಮ, ಹಾಗಾಗಿ ಗುಡ್ಡೆಯ ಒಂದು ಬೈಕು ಮುಂದೆ, ಬೈಲಿನ ಒಂದು ಬೈಕು ಹಿಂದೆ.

ಹಣ? ಸಂಸ್ಥೆಯ ಖಾತೆಯಲ್ಲಿ ಮೊದಲ ಕಂತು ಬಿದ್ದಿತ್ತು. ಮದ್ದಿಗೂ ಪೆಟ್ರೋಲಿಗೂ ಸ್ವಲ್ಪ ಬಳಸಬಹುದಾ ಅಂತ ಕೇಳಿದೆವು. ಅವರು ವಿದೇಶಕ್ಕೆ ಮೈಲ್ ಬರೆದರು. ಮದ್ದು ಅಂದರೆ ಮಾನವೀಯ ನೆರವು, ಈ ಹಣ ಸಂಘರ್ಷ ತಡೆಗೆ, ಎರಡೂ ಬೇರೆ ಅಂತ ಮೊದಲು ಉತ್ತರ ಬಂತು. ದೊಡ್ಡ ನಿಧಿಗಳಲ್ಲೂ ಈ ಗೋಡೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಮಾನವೀಯ ನೆರವಿಗೆ 1996ರ ಬೇರೆಯೇ ಕಾನೂನಿದೆ. ಗೋಡೆಗೆ ಕಾರಣವೂ ಇದೆ. ನೆರವು ರಾಜಕೀಯಕ್ಕೆ ಬಳಕೆಯಾಗಬಾರದು, ಅದಕ್ಕೆ. ನಮ್ಮ ಜಂಕ್ಷನ್‌ನಲ್ಲಿ ಮಾತ್ರ ಆ ವಾರ ಮದ್ದಿನ ಬೈಕೇ ಸಂಘರ್ಷ ತಡೆ. ಏಪ್ರಿಲ್ ಕೊನೆಗೆ, ಸ್ವಲ್ಪ ಬಳಸಬಹುದು ಅಂತ ಒಪ್ಪಿಗೆ ಬಂತು. ಆ ಪ್ರತಿಷ್ಠಾನದವರನ್ನು ನಾನು ದೂರುವುದಿಲ್ಲ, ಅವರ ಮಟ್ಟಿಗೆ ಅದು ಬಹಳ ಬೇಗವೇ. ನಮಗೆ ಆಗ ತುರ್ತು ಮುಗಿದಿತ್ತು.

ಅಷ್ಟರಲ್ಲಿ ಬೇರೆ ಕಡೆಯಿಂದ ಹಣ ಬಂದಿತ್ತು. ದುಬೈ, ಶಾರ್ಜಾ, ಕತಾರ್, ಕುವೈತ್‌ನಲ್ಲಿರುವ ನಮ್ಮೂರಿನವರು ಸಾವಿರ, ಎರಡು ಸಾವಿರ ಅಂತ ಕಳಿಸಿದರು. ಅವರಲ್ಲಿ ಕೆಲವರಿಗೆ ಅಲ್ಲಿ ಸಂಬಳವೇ ನಿಂತಿತ್ತು. ಇದೂ ವಿದೇಶದಿಂದ ಬಂದ ಹಣವೇ ಅಲ್ವಾ? ನಾನು ಹೆದರಿ ಕಾನೂನು ತೆಗೆದು ನೋಡಿದೆ. ಭಾರತದ ಪ್ರಜೆ ವಿದೇಶದಲ್ಲಿದ್ದು, ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ಟರೆ ಆಗುತ್ತದೆ. ನಮ್ಮ ಗಲ್ಫಿನವರು ಮೂವತ್ತು ವರ್ಷ ಇದ್ದರೂ ಪಾಸ್‌ಪೋರ್ಟ್ ಭಾರತದ್ದೇ. ಹಾಗಾಗಿ ಆ ಹಣ ಸಂಜೆ ಬಂದದ್ದು ಬೆಳಗ್ಗೆ ಪೆಟ್ರೋಲ್ ಆಯಿತು. ಬೇರೆ ಊರಿನವರಿಗೆ ಒಂದು ಮಾತು: ಕಳಿಸಿದವರ ಹೆಸರು, ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ವಿವರ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಕೇಳಿದರೆ ಅದೇ ಆಧಾರ.

ಸೆಪ್ಟೆಂಬರ್ 29

ಲಾಕ್‌ಡೌನ್ ಸಡಿಲವಾದ ಮೇಲೆ ಯೋಜನೆ ಶುರುವಾಗಬೇಕಿತ್ತು. ನಮ್ಮ ಸಮಿತಿ 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾದದ್ದು, ಆದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಲಿಲ್ಲ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ, ನೋಂದಣಿ ಇದ್ದ ಸಂಸ್ಥೆ ಇಲ್ಲದವರಿಗೆ ಹಣ ದಾಟಿಸಲು ಕೇಂದ್ರದ ಮುಂಚಿತ ಅನುಮತಿ ಬೇಕಿತ್ತು. ಸಂಸ್ಥೆಯವರು ಅರ್ಜಿ ಹಾಕಿದ್ದರು, ನಾವು ಕಾಯುತ್ತಿದ್ದೆವು.

2020ರ ಸೆಪ್ಟೆಂಬರ್ 29ರಿಂದ ತಿದ್ದುಪಡಿ ಜಾರಿಗೆ ಬಂತು. ಬಂದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ದಾಟಿಸುವುದೇ ನಿಷೇಧ. ಅವರಿಗೆ ನೋಂದಣಿ ಇದ್ದರೂ ಅಷ್ಟೇ. ಆಡಳಿತ ಖರ್ಚಿನ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಎಲ್ಲ ವಿದೇಶಿ ದೇಣಿಗೆಯೂ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಣ ದುರುಪಯೋಗ ಆಗುತ್ತಿದೆ, ಹಿಂಬಾಲಿಸಲು ಆಗುತ್ತಿಲ್ಲ ಅನ್ನುವುದು ಸರ್ಕಾರದ ವಾದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ದಾಟಿಸುವ ಸರಪಳಿ ಉದ್ದವಾದಷ್ಟೂ ಲೆಕ್ಕ ತಪ್ಪುತ್ತದೆ ಅನ್ನುವುದು ನಾನೂ ಕಣ್ಣಾರೆ ಕಂಡದ್ದೇ. ಆದರೆ ಊರಲ್ಲಿ ನಿಜವಾಗಿ ಕೆಲಸ ಮಾಡುವವರು ಹೆಚ್ಚಾಗಿ ಆ ಸರಪಳಿಯ ಕೊನೆಯ ಕೊಂಡಿ. ಕಡಿದದ್ದು ಅದೇ.

ನಮ್ಮ 14 ಲಕ್ಷ ಹಾಗೆ ಹೋಯಿತು. ಸಂಸ್ಥೆಯವರು ಒಂದು ದಾರಿ ಹೇಳಿದರು. ಹಣ ನಾವೇ ಖರ್ಚು ಮಾಡುತ್ತೇವೆ, ನಮ್ಮ ಸಿಬ್ಬಂದಿ ನಿಮ್ಮ ಊರಿಗೆ ಬರುತ್ತಾರೆ, ನೀವು ಸ್ವಯಂಸೇವಕರಾಗಿ ಇರಿ. ಕಾನೂನಿನ ಪ್ರಕಾರ ಸರಿ. ಮೂವರೂ ಮಾಸ್ಟ್ರ ಜಗಲಿಯಲ್ಲಿ ಎರಡು ಸಂಜೆ ಕೂತು ಚರ್ಚೆ ಮಾಡಿದರು. ಹಾಜಿಯವರಿಗೆ ಬೇಕಿತ್ತು. ಟೀಚರಿಗೆ ಬೇಡ. ಹೊರಗಿನವರು ಸಂಬಳಕ್ಕೆ ಬಂದು ಜಗಳ ಬಿಡಿಸಿದರೆ, ಅವರು ಹೋದ ಮೇಲೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ ಅಂತ ಅವರ ವಾದ. ಕೊನೆಗೆ ಎರಡು ದಿನದ ತರಬೇತಿಗೆ ಮಾತ್ರ ಒಪ್ಪಿದರು.

ಆ ತರಬೇತಿಯಲ್ಲಿ ಮುಕ್ಕಾಲು ಪಾಲು ಬೋರ್. ಬಣ್ಣದ ಚೀಟಿ ಅಂಟಿಸುವುದು, ವೃತ್ತದಲ್ಲಿ ಕೂರುವುದು. ಒಂದು ಸಂಗತಿ ಮಾತ್ರ ಬಹಳ ಕೆಲಸಕ್ಕೆ ಬಂತು, ಅದನ್ನು ಹೇಳದಿದ್ದರೆ ಅನ್ಯಾಯ. ಘಟನೆಗಳ ಪುಸ್ತಕ ಇಡಲು ಕಲಿಸಿದರು. ಯಾವ ಹೊತ್ತಿಗೆ ಸುದ್ದಿ ಬಂತು, ಹೇಗೆ ಬಂತು, ಯಾರು ಹೋದರು, ಎಷ್ಟು ಹೊತ್ತಿಗೆ ಮುಟ್ಟಿದರು, ಅಲ್ಲಿ ನಿಜವಾಗಿ ಏನಿತ್ತು. ಹುಡುಗರ ಹೆಸರಿಲ್ಲ. ನೂರು ಹಾಳೆಯ ಗೆರೆ ಪುಸ್ತಕ. ಹಾಜಿಯವರು ಅದಕ್ಕೆ ರಶೀದಿ ಪುಸ್ತಕ ಅಂತಲೇ ಹೆಸರಿಟ್ಟರು.

ಮತ್ತೆ ಫೆಬ್ರವರಿ

2022ರಲ್ಲಿ ಪಂದ್ಯಾಟ ಮತ್ತೆ ಬಂತು. ಈ ಸಲ ಮೊದಲೇ ಕೂತು ಮಾತಾಡಿದ್ದರು. ಎಡದ ಕಂಬ ಗುಡ್ಡೆಯವರಿಗೆ, ಬಲದ್ದು ಬೈಲಿನವರಿಗೆ, ಕಾರ್ಯಕ್ರಮ ಮುಗಿದ ಮರುದಿನ ಇಳಿಸಬೇಕು. ಕರೆಂಟು ಕಂಬಕ್ಕೆ ಬೋರ್ಡು ಕಟ್ಟುವುದೇ ತಪ್ಪು ಅಂತ ನಾನು ಹೇಳಲು ಹೋದೆ. ಎಲ್ಲರೂ ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ.

ಜಗಳ ಆಗಲಿಲ್ಲ ಅಂತಿಲ್ಲ. ಪಂದ್ಯದ ರಾತ್ರಿ ಒಂದು ಪಾಯಿಂಟಿನ ವಿಷಯಕ್ಕೆ ತಳ್ಳಾಟವಾಗಿ ಒಂದು ಬೈಕಿನ ಟ್ಯಾಂಕಿಗೆ ಕಲ್ಲು ಬಿತ್ತು. ಒಂದು ಕೇಸೂ ಆಯಿತು. ಪುಸ್ತಕದಲ್ಲಿ ಹೀಗಿದೆ: ಸುದ್ದಿ ರಾತ್ರಿ 11.20, ಮುಟ್ಟಿದ್ದು 11.45. ಮರುದಿನ ಅಂಗಡಿಗಳು ಎಂದಿನಂತೆ ತೆರೆದವು. ಮದ್ದಿನ ದಿನಗಳ ಗ್ರೂಪಿನಲ್ಲೇ ಎರಡೂ ಕಡೆಯವರು ಫೋಟೋ ಹಾಕಿ, ಇದು ನಮ್ಮೂರಿನದ್ದು, ಇದು ಅಲ್ಲ ಅಂತ ವಿಂಗಡಿಸಿದರು. ಅದು ತರಬೇತಿಯಿಂದ ಬಂದದ್ದೋ, ಬೈಕಿನ ಜೊತೆ ಓಡಾಟದಿಂದ ಬಂದದ್ದೋ, ಬರೀ ವಯಸ್ಸಾದದ್ದೋ ನಾನು ಹೇಳಲಾರೆ. ಮೂರು ವರ್ಷದಲ್ಲಿ ಅರ್ಧ ಹುಡುಗರು ಕೆಲಸಕ್ಕೆ ಹೋಗಿದ್ದರು.

ಆ ವರ್ಷವೇ ಟೀಚರ್ ಸಮಿತಿ ಬಿಟ್ಟರು. ಜಗಳ ಏನೂ ಇಲ್ಲ. ಅಂಗನವಾಡಿ, ಮನೆ, ಅತ್ತೆಯ ಕಾಯಿಲೆ, ಮೇಲಿಂದ ರಾತ್ರಿಯ ಫೋನು. ಸಂಬಳವಿಲ್ಲದ ಕೆಲಸವನ್ನು ಮೂರು ವರ್ಷ ಮಾಡಿದ್ದರು. ಗೌರವಧನದ ಕಾಲಂ ಬೇಡ ಅಂದಿದ್ದವರೂ ಅವರೇ, ಕೂಲಿ ಬೇಕು ಅಂತ ಮೊದಲು ಕೇಳಿದ್ದವರೂ ಅವರೇ. ತಾಯಂದಿರಿಗೆ ಫೋನ್ ಮಾಡುವವರು ಈಗ ಯಾರೂ ಇಲ್ಲ. ಈ ಪ್ರಕರಣದಲ್ಲಿ ಹಣ ಇದ್ದಿದ್ದರೆ ಉಳಿಯುತ್ತಿದ್ದದ್ದು ಏನು ಅಂತ ಕೇಳಿದರೆ ನನ್ನ ಉತ್ತರ ಅವರೇ. ಅದಕ್ಕೆ 14 ಲಕ್ಷ ಬೇಕಿರಲಿಲ್ಲ.

ಈಗ ತಿಂಗಳ ಖರ್ಚು ನಡೆಯುವುದು ಸಣ್ಣ ವಂತಿಗೆಯಲ್ಲಿ. ನಾನು 'ಜಾಸ್ತಿ' ಅಂತ ಬರೆದಿದ್ದ ಆ ಗುಡ್ಡೆಯ ಹುಡುಗನಿಗೆ ಸರ್ಟಿಫಿಕೇಟ್ ಸಿಕ್ಕಿ, ಈಗ ಅಬುಧಾಬಿಯಲ್ಲಿದ್ದಾನೆ. ಪೆಟ್ರೋಲಿಗೆ ತಿಂಗಳಿಗೆ ಐನೂರು ಕೊಡುತ್ತೇನೆ ಅಂತ ಮೆಸೇಜ್ ಹಾಕಿದ. ಒಂದೇ ಷರತ್ತು, ಹೆಸರು ಎಲ್ಲೂ ಬರೆಯಬಾರದು. ನಾನು ಕಾನೂನು ಹೇಳಿದೆ. ಕಳಿಸಿದ್ದು ಭಾರತದ ಪ್ರಜೆಯೇ ಅಂತ ತೋರಿಸಬೇಕಾದರೆ ಹೆಸರು ಬೇಕು, ಪಾಸ್‌ಪೋರ್ಟ್ ಪ್ರತಿಯೂ ಬೇಕು. "ನಿಮ್ಮ ಹಾಳೆಯಲ್ಲಿ ನನ್ನ ಹೆಸರು ಒಮ್ಮೆ ಬಂದದ್ದು ಸಾಕು ಅಣ್ಣ" ಅಂದ. ಎರಡು ತಿಂಗಳು ಮಾತೇ ಇಲ್ಲ.

ಮೂರನೇ ತಿಂಗಳು ಅವನ ಅಮ್ಮ ಬಂದರು. ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಜಗಲಿಯಲ್ಲಿಟ್ಟು, "ಇದು ನಾನು ಬೀಡಿ ಕಟ್ಟಿದ್ದು, ನನ್ನ ಹೆಸರು ಬರಿ" ಅಂದರು. ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಅವರು ರಶೀದಿ ಮಡಚಿ ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡು ಹೋದರು.